ಎಡಗೈಗೆ ಬಂದ ಡಿಸ್ಕಸ್

ನಾನು ಹೈಸ್ಕೂಲಿನಲ್ಲಿದ್ದಾಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಹುಡುಗಿಯರ ಡಿಸ್ಕಸ್ ಎಸೆತಕ್ಕೆ ನಾನೇ ಫಸ್ಟು. ಆ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ನನಗಂತೂ ಇರಲೇ ಇಲ್ಲ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಕೊಟ್ಟೂರಿನ ರೂಟಿನಲ್ಲಿ ಪರಿಚಯದ ಪ್ರಯಾಣಿಕರು ಹತ್ತಿದರೆ ಟಿಕೆಟ್ಟಿನ ಜೊತೆ ನನ್ನ ಸುದ್ದಿಯನ್ನೂ ಹರಿದು ಕೊಡುತ್ತಿದ್ದರು. ಮನೆಯಲ್ಲಿ ಬುದ್ಧನ ಪಟದ ಕೆಳಗಿನ ಹಲಗೆಯ ಮೇಲೆ ನನ್ನ ಟ್ರೋಫಿಗಳು ಸಾಲಾಗಿ ನಿಂತಿದ್ದವು.

ಆ ವರ್ಷ ಜಿಲ್ಲಾ ಮಟ್ಟದ ಕೂಟ ಕೂಡ್ಲಿಗಿಯಲ್ಲಿ ನಡೆಯಿತು. ಬೆಳಿಗ್ಗೆ ಮೈದಾನಕ್ಕೆ ಹೋದಾಗ ಇನ್ನೂ ಶಾಮಿಯಾನ ಕಟ್ಟುತ್ತಿದ್ದರು. ಟೆಂಪೋದಿಂದ ಇಳಿಸಿದ್ದ ಜಮಖಾನೆಗಳಲ್ಲಿ ಹೆಚ್ಚಾದವನ್ನು ಒಬ್ಬ ಹುಡುಗಿ ಮತ್ತೆ ಟೆಂಪೋದ ಮೇಲಕ್ಕೆ ಹಾಕುತ್ತಿದ್ದಳು. ಹಾಕುತ್ತಿದ್ದಳು ಅಂದರೆ ಎತ್ತಿ ಕೊಡುತ್ತಿರಲಿಲ್ಲ. ಸುತ್ತಿದ ಜಮಖಾನೆಯನ್ನು ಸೊಂಟಕ್ಕೆ ಒತ್ತಿಕೊಂಡು, ಹಿಮ್ಮಡಿಯ ಮೇಲೆ ಗರಕ್ಕನೆ ಒಂದು ಸುತ್ತು ತಿರುಗಿ ಬಿಟ್ಟುಬಿಡುತ್ತಿದ್ದಳು. ಅದು ಟೆಂಪೋದ ನೆತ್ತಿಯ ಮೇಲೆ ಹೋಗಿ ಮಲಗುತ್ತಿತ್ತು. ಮೇಲೆ ನಿಂತಿದ್ದವನಿಗೆ ಅದನ್ನು ಹಿಡಿಯುವ ಕೆಲಸವೂ ಇರಲಿಲ್ಲ, ಬರೀ ಸರಿಸುತ್ತಿದ್ದ.

ಮಧ್ಯಾಹ್ನ ಡಿಸ್ಕಸ್ಸಿಗೆ ಕರೆದಾಗ ಅದೇ ಹುಡುಗಿ ಬಂದು ನಮ್ಮ ಸಾಲಿನ ಕೊನೆಗೆ ನಿಂತಳು. ಲೆಕ್ಕ ಬರೆಯುತ್ತಿದ್ದ ಮಾಸ್ತರರು ಕತ್ತೆತ್ತಿ, "ಏ ತಂಗಿ, ಪೆಂಡಾಲಿನವ್ರು ಆ ಕಡೆ ನಿಲ್ರಿ" ಅಂದರು.

"ನಾನೂ ಆಟಕ್ಕ ಬಂದೀನ್ರಿ ಸರ್" ಅಂದು ಅವಳು ಎದೆಗೆ ಪಿನ್ನು ಹಾಕಿದ್ದ ನಂಬರನ್ನು ತೋರಿಸಿದಳು. ಕಾನಹೊಸಹಳ್ಳಿಯ ಹುಡುಗಿ. ಅಲ್ಲಿ ಹೆದ್ದಾರಿಯ ಪಕ್ಕ ಅವರಪ್ಪನಿಗೆ ಶಾಮಿಯಾನ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮಗಳ ಕೂಟಕ್ಕೆ ಪೆಂಡಾಲ್ ಹಾಕಲು ಅವರೇ ಬಂದಿದ್ದರು.

ನಾನು ಎಸೆದೆ. ಚೆನ್ನಾಗಿಯೇ ಎಸೆದೆ. ಆಮೇಲೆ ಅವಳ ಸರದಿ. ಡಿಸ್ಕಸ್ಸನ್ನು ಅವಳು ಹಿಡಿದ ರೀತಿ ತಪ್ಪು, ನಿಂತ ರೀತಿ ತಪ್ಪು. ಯಾರೂ ಹೇಳಿಕೊಟ್ಟಿಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಅವಳು ತಿರುಗಿದಾಗ ನನ್ನ ಕತ್ತಿನ ಹಿಂದೆ ಜುಮ್ಮೆಂದಿತು. ಟೇಪು ಹಿಡಿದು ದೂರದಲ್ಲಿ ನಿಂತಿದ್ದ ಇಬ್ಬರು ಮಾಸ್ತರರು ತಲೆ ಮೇಲೆ ಮಾಡಿ ನೋಡುತ್ತಲೇ ಇದ್ದರು. ಅದು ಅವರ ನೆತ್ತಿಯ ಮೇಲೆ ಹಾದು, ಹಿಂದೆ ಎಲ್ಲೋ ಹೋಗಿ ಮಣ್ಣು ಕಚ್ಚಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಶಾಮಿಯಾನದ ಕೆಳಗೆ ಅವರಪ್ಪ ಒಬ್ಬರೇ, ಹಣೆಯ ವಿಭೂತಿಯನ್ನು ಬೆವರು ತೊಳೆಯುತ್ತಿದ್ದಂತೆ, ಹಗ್ಗ ಬಿಗಿಯುವುದನ್ನು ಬಿಟ್ಟು ನಿಂತುಕೊಂಡಿದ್ದರು.

ಸಂಜೆ ಅಪ್ಪನ ಬಸ್ಸಿನಲ್ಲೇ ಊರಿಗೆ ಹೊರಟೆ.

"ಸೆಕೆಂಡು" ಅಂದೆ.

"ಯಾಕವ್ವಾ, ಏನಾತು?"

"ಏನೂ ಆಗ್ಲಿಲ್ಲಪ್ಪ. ಆಕಿ ಬಂದ್ಲು."

ನನಗೆ ಅಳು ಬರಲಿಲ್ಲ. ಕಣ್ಣೆದುರು ಮಿಂಚು ಹೊಡೆದಾಗ, ನನ್ನ ಟಾರ್ಚು ಸೋತಿತಲ್ಲ ಅಂತ ಯಾರು ಅಳುತ್ತಾರೆ? ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಅವಳು ತಿರುಗಿದ್ದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುಗಿಸಿ ನೋಡಿದೆ.

ಆ ಕೂಟದಲ್ಲಿ ನಮ್ಮಿಬ್ಬರನ್ನೂ ನೋಡಿದ ಒಬ್ಬ ಮೇಷ್ಟ್ರು ಕೊಟ್ಟೂರಿನವರು. ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು, ಬೆಳಿಗ್ಗೆ ವಾಕಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದರು. "ಇಬ್ರೂ ಕೊಟ್ಟೂರಿಗೆ ಬರ್ರಿ, ಕಾಲೇಜು ಇಲ್ಲೇ ಸೇರ್ರಿ" ಅಂತ ಎರಡೂ ಮನೆಗೆ ಬಂದು ಹೇಳಿದರು. ಹಾಗೆ ನಾವು ಒಂದೇ ಕಾಲೇಜು, ಒಂದೇ ಮೈದಾನ, ಒಂದೇ ಬಾಡಿಗೆ ಕೋಣೆಯ ಗೆಳತಿಯರಾದೆವು. ಮೇಷ್ಟ್ರು ಅವಳ ಹಿಡಿತ ತಿದ್ದಿದರು, ಹೆಜ್ಜೆ ತಿದ್ದಿದರು. ತಿರುಗುವುದನ್ನು ಮಾತ್ರ ಮುಟ್ಟಲಿಲ್ಲ. "ಅದನ್ನ ನಾನು ಕಲಿಸಾಕ ಹೋದ್ರ ಕೆಡ್ತೈತಿ" ಅನ್ನುತ್ತಿದ್ದರು.

ಭಾನುವಾರ ನಾವಿಬ್ಬರೂ ಕಾನಹೊಸಹಳ್ಳಿಗೆ ಹೋಗುತ್ತಿದ್ದೆವು. ಗೋದಾಮಿನ ಹಿಂದೆ ಅವರಪ್ಪ ಸಿಮೆಂಟಿನ ಒಂದು ವೃತ್ತ ಹಾಕಿಸಿದ್ದರು. ಡಿಸ್ಕಸ್ ಎಸೆಯುವವರು ನಿಲ್ಲುವ ಜಾಗಕ್ಕೆ ಮೂರು ಕಡೆ ಬಲೆ ಬೇಕು, ಕೈ ತಪ್ಪಿದರೆ ಯಾರದಾದರೂ ತಲೆ ಒಡೆದೀತು. ಅವರು ಹೊಳೆದಂಡೆಯ ಹಲವಾಗಲಿನ ಮೀನುಗಾರರಿಂದ ಹಳೆಯ ಬಲೆಗಳನ್ನು ತಂದು, ಪೆಂಡಾಲಿನ ಕಂಬಗಳಿಗೆ ಮೂರು ಪದರ ಮಾಡಿ ಕಟ್ಟಿದ್ದರು. ಮಳೆ ಬಂದಾಗ ಅದರಿಂದ ಹೊಳೆಯ ವಾಸನೆ ಬರುತ್ತಿತ್ತು. ನಾನು ಎಸೆದರೆ ದಾರಿಯಲ್ಲಿ ಹೋಗುವವರು ಹೋಗುತ್ತಲೇ ಇದ್ದರು. ಅವಳು ಎಸೆದರೆ ಸೈಕಲ್ಲುಗಳು ನಿಲ್ಲುತ್ತಿದ್ದವು. ಲಾರಿ ಡ್ರೈವರುಗಳು ಇಳಿದು ಬಂದು, ಭಾಷೆ ಬಾರದಿದ್ದರೂ, ಇನ್ನೊಂದು ಸಲ ಅಂತ ಬೆರಳು ತೋರಿಸುತ್ತಿದ್ದರು.

ಡಿಗ್ರಿ ಮುಗಿಯುವ ಹೊತ್ತಿಗೆ ಅವಳು ರಾಜ್ಯದ ಕಿರಿಯರಲ್ಲಿ ಮೊದಲಿಗಳು, ದೇಶದ ಕಿರಿಯರ ಕೂಟದಲ್ಲಿ ಪದಕ ತಂದವಳು. ರಾಷ್ಟ್ರೀಯ ತರಬೇತಿ ಶಿಬಿರಕ್ಕೆ ಬರಲು ಕರೆ ಬಂತು. ನಾನು ಆ ಹೊತ್ತಿಗೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೇರುವುದು ಅಂತ ತೀರ್ಮಾನಿಸಿದ್ದೆ. ಅವಳಿಗಿಂತ ನಾಲ್ಕು ಮಾರು ಹಿಂದೆ ಬೀಳುವ ಡಿಸ್ಕಸ್ಸನ್ನು ಇಟ್ಟುಕೊಂಡು ಬೇರೇನು ಮಾಡುವುದು? ಅವಳು ಶಿಬಿರಕ್ಕೆ ಹೋಗುವುದರೊಳಗೆ ಹಲವಾಗಲಿನಲ್ಲಿ ಒಂದು ಮದುವೆಯ ಪೆಂಡಾಲಿತ್ತು. ಆಳುಗಳು ಕಡಿಮೆ ಬಿದ್ದಿದ್ದರು. "ನೀನೂ ಬಾರಲೇ, ಊಟ ಚೊಲೋ ಇರ್ತೈತಿ" ಅಂದಳು. ಹೋದೆ.

ಹೊಳೆಯಿಂದ ಸ್ವಲ್ಪವೇ ದೂರದ ಬಯಲು. ಎರಡನೇ ಪಂಕ್ತಿ ಕೂತಿತ್ತು, ಬಹುಪಾಲು ಹೆಂಗಸರು ಮಕ್ಕಳು. ಹೋಳಿಗೆಗೆ ತುಪ್ಪ ಹಾಕುತ್ತಿದ್ದರು. ಆಕಾಶ ಒಂದೇ ಕಡೆ ಕಪ್ಪಾಗಿದ್ದನ್ನು ಎಲ್ಲರೂ ನೋಡಿದ್ದೆವು, ದೂರ ಐತಿ ಅಂದುಕೊಂಡಿದ್ದೆವು. ಗಾಳಿ ಹೊಳೆಯ ಮೇಲಿಂದ ಎದ್ದು ಬಂದಿದ್ದು ಕಾಣಲಿಲ್ಲ, ಕೇಳಿಸಿತು. ಮೊದಲು ಬಾಳೆ ಎಲೆಗಳು ಅನ್ನದ ಸಮೇತ ಹಾರಿದವು. ಆಮೇಲೆ ಇಡೀ ಶಾಮಿಯಾನ ಉಬ್ಬಿ ಮೇಲಕ್ಕೆದ್ದಿತು. ಒಂದು ಕಡೆಯ ಗೂಟಗಳು ಪಟಪಟನೆ ಕಿತ್ತು ಬಂದವು. ತಗಡಿನ ಶೀಟು ಹೊತ್ತಿದ್ದ ನಡುವಿನ ದೊಡ್ಡ ಕಂಬ, ಅದಕ್ಕೆ ಬಿಗಿದಿದ್ದ ಕಬ್ಬಿಣದ ಚೌಕಟ್ಟು, ಎರಡೂ ಪಂಕ್ತಿಯ ಕಡೆ ವಾಲಿದವು.

ನಾನು ಹಂಡೆಯ ಹತ್ತಿರ ನಿಂತಿದ್ದೆ. ನನ್ನ ಕಾಲು ಏಳಲಿಲ್ಲ. ಅವಳು ಬಕೇಟು ಬಿಸಾಕಿ ಓಡಿದ್ದನ್ನು ನೋಡಿದೆ. ಕಂಬವನ್ನು ಎರಡೂ ಕೈಯಿಂದ ತಬ್ಬಿ, ಬಲಭುಜವನ್ನು ಅದಕ್ಕೆ ಕೊಟ್ಟು, ಕಾಲು ನೆಲಕ್ಕೆ ನೆಟ್ಟು ನಿಂತಳು. ವಾಲುತ್ತಿದ್ದದ್ದು ನಿಂತಿತು. ಒಬ್ಬ ಮನುಷ್ಯ ಜೀವ ಅಷ್ಟು ಭಾರವನ್ನು ನಿಲ್ಲಿಸಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹೊರಗೆ ಓಡಿದರು. ಅವರಪ್ಪ ಹಗ್ಗ ಹಿಡಿದು ಜೋತುಬಿದ್ದು ಕೂಗುತ್ತಿದ್ದರು.

"ಬಿಡವ್ವಾ, ಬಿಟ್ಟು ಬಾ ಈಚಿಗೆ!"

"ಇನ್ನಾ ಹುಡುಗ್ರು ಅದಾವಪ್ಪಾ ಒಳಗ!"

ಕೊನೆಗೆ ಮುದುಕಿಯೊಬ್ಬಳು ಒಂದು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು. ಆಗ ಇವಳು ಕಂಬವನ್ನು ಖಾಲಿ ಕಡೆಗೆ ತಳ್ಳಿ ಪಕ್ಕಕ್ಕೆ ಹಾರಬೇಕು ಅಂದುಕೊಂಡಳಂತೆ. ಅಷ್ಟರಲ್ಲಿ ಗಾಳಿ ಶಾಮಿಯಾನವನ್ನು ಮತ್ತೊಂದು ಸಲ ಎತ್ತಿ ಒದರಿತು. ಹಗ್ಗ ಅವಳ ತೋಳಿಗೆ ಸುತ್ತಿಕೊಂಡು ಬಲಗೈಯನ್ನು ಹಿಂದಕ್ಕೆ ಎಳೆದುಬಿಟ್ಟಿತು. ಭುಜ ಲಟ್ಟೆಂದ ಸದ್ದು ಗಾಳಿಯೊಳಗೂ ನನಗೆ ಕೇಳಿಸಿತು.

ಒಬ್ಬರಿಗೂ ತರಚು ಗಾಯಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅವಳೊಬ್ಬಳನ್ನು ಬಿಟ್ಟು.

ದಾವಣಗೆರೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯ ಮನುಷ್ಯ, ಮುಚ್ಚುಮರೆ ಮಾಡಲಿಲ್ಲ. ಭುಜದೊಳಗಿನ ನರಗಳು, ಸ್ನಾಯುಗಳು ಹರಿದು ಹೋಗಿವೆ, ಹೊಲಿದಿದ್ದೇವೆ, ದಿನದ ಕೆಲಸಕ್ಕೆ ಕೈ ಬರುತ್ತದೆ, ಆದರೆ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಎಸೆತದ ಮಾತು ಮರೆತುಬಿಡಿ ಅಂದರು. ಅವರಪ್ಪ ಗೋಡೆಗೆ ಒರಗಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು, ಎಷ್ಟು ಹೊತ್ತಾದರೂ ಹಾಕಿಕೊಳ್ಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಎಡಗೈಗೆ ಏನೂ ಆಗಿಲ್ಲಲ್ರಿ ಸರ್?"

"ಇಲ್ಲಮ್ಮ, ಅದು ಆರಾಮಾಗಿದೆ" ಅಂದು ಡಾಕ್ಟರು ನಕ್ಕರು. ಇಷ್ಟಾದರೂ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದಾಳೆ ಅಂತ ನಾನೂ ಅಂದುಕೊಂಡೆ.

ಬಲಗೈ ಇನ್ನೂ ಜೋಳಿಗೆಯಲ್ಲಿ ನೇತಾಡುತ್ತಿದ್ದಾಗಲೇ ಅವಳು ಎಡಗೈಯಲ್ಲಿ ಬರೆಯತೊಡಗಿದಳು. ತಲೆ ಬಾಚುವುದು, ಕಸ ಹೊಡೆಯುವುದು, ಬಾಗಿಲಿಗೆ ರಂಗೋಲಿ ಹಾಕುವುದು ಎಲ್ಲ ಎಡಗೈ. ರಂಗೋಲಿಯ ಗೆರೆಗಳು ಕುಡಿದವರ ಹೆಜ್ಜೆಯ ಹಾಗೆ ಹೋಗುತ್ತಿದ್ದವು. ಜೋಳಿಗೆ ಬಿಚ್ಚಿದ ಮೇಲೂ ಬಂದವರಿಗೆ ನೀರು ಕೊಡಲು ಎಡಗೈಯನ್ನೇ ಚಾಚಿದಾಗ ಅವರಜ್ಜಿ ತಡೆಯಲಾರದೆ ಕೂಗಿದರು: "ಏನಂತಾರಲೇ ಮನಿಗೆ ಬಂದವ್ರು! ಎಡಗೈಲಿ ನೀರು ಕೊಡ್ತಾರೇನು?" ಊಟ, ನೀರು ಮತ್ತು ವಿಭೂತಿ ಬಲಗೈಗೆ, ಉಳಿದದ್ದೆಲ್ಲ ಎಡಗೈಗೆ ಅಂತ ಅಜ್ಜಿ ಮೊಮ್ಮಗಳ ನಡುವೆ ಒಪ್ಪಂದವಾಯಿತು.

ಒಂದು ಭಾನುವಾರ ಹೋದರೆ ಅವಳು ಸಿಮೆಂಟಿನ ವೃತ್ತದಲ್ಲಿ ಡಿಸ್ಕಸ್ಸನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಆಗ ನನಗೆ ಅರ್ಥವಾಯಿತು. ಮೇಷ್ಟ್ರನ್ನು ಕರೆಸಿದೆ. ಅವರು ತಲೆಯಾಡಿಸಿದರು. "ಎಡಗೈಲೆ ಎಸೆಯೋರು ಇರ್ತಾರವ್ವಾ. ಆದ್ರ ಅವರು ಹುಟ್ಟಾ ಎಡಚರು. ಕೈ ಒಂದೇ ಅಲ್ಲ, ಕಾಲು, ಸೊಂಟ, ಕಣ್ಣು ಎಲ್ಲಾ ತಿರುಗುಮುರುಗಾ ಆಗಬೇಕು."

"ಆಗ್ಲಿ ಬಿಡ್ರಿ" ಅಂದಳು.

ಮೊದಲ ಎಸೆತ ಹಿಂದಕ್ಕೆ ಹೋಗಿ ಗೋದಾಮಿನ ತಗಡಿಗೆ ಬಡಿಯಿತು. ನಾಯಿಗಳು ಬೊಗಳಿದವು. ಎರಡನೆಯದಕ್ಕೆ ಕಾಲಿಗೆ ಕಾಲು ತೊಡರಿ ಬಿದ್ದಳು. ಹುಟ್ಟಿದಾಗಿನಿಂದ ಮೈಯಲ್ಲಿದ್ದ ಆ ತಿರುಗುವಿಕೆ, ಮೇಷ್ಟ್ರೂ ಮುಟ್ಟಲು ಹೆದರಿದ್ದು, ಅದು ಈಗ ಅವಳಿಗೇ ಅಡ್ಡ ಬರುತ್ತಿತ್ತು. ಮೈ ಎಡಕ್ಕೆ ತಿರುಗಲು ಹವಣಿಸುತ್ತಿತ್ತು, ಅವಳು ಬಲಕ್ಕೆ ಎಳೆಯುತ್ತಿದ್ದಳು. ಮನೆಯಲ್ಲಿ ಅವಳ ಮದುವೆಯ ಮಾತು ನಡೆದಿತ್ತು, ನೆಂಟರು ಬಂದು ಹೋಗುತ್ತಿದ್ದರು. ಅವರಪ್ಪ ಮಾತ್ರ ಎಡಗೈ ಎಸೆತಕ್ಕೆ ತಕ್ಕಂತೆ ಬಲೆಯ ಬಾಯಿಯನ್ನು ಬಿಚ್ಚಿ ಇನ್ನೊಂದು ಕಡೆಗೆ ಕಟ್ಟಿಕೊಟ್ಟರು.

ಆ ಕಾಲದಲ್ಲಿ ನಾನು ಮಾಡಿದ ಸಹಾಯ ಒಂದೇ. ನನ್ನ ಮೊಬೈಲಿನಲ್ಲಿ ಅವಳ ಹಳೆಯ ಎಸೆತಗಳ ವಿಡಿಯೋ ಇದ್ದವು. ಒಂದು ದಿನ ಬಸ್ಸಿನಲ್ಲಿ ಕೂತು ನೋಡುತ್ತಿದ್ದಾಗ, ಸುಮ್ಮನೆ ಬೆರಳಾಡಿಸುತ್ತಾ, ಚಿತ್ರವನ್ನು ಕನ್ನಡಿಯಂತೆ ಎಡಬಲ ಮಾಡುವ ಗುಂಡಿ ಒತ್ತಿದೆ. ಪರದೆಯ ಮೇಲೆ ಅವಳು ಎಡಗೈಯಲ್ಲಿ ಎಸೆಯುತ್ತಿದ್ದಳು. ಅದೇ ಸೊಂಟ, ಅದೇ ಗರಕ್ಕನೆ ತಿರುಗುವುದು, ಎಲ್ಲ ಇನ್ನೊಂದು ಕಡೆಗೆ. ಕಾನಹೊಸಹಳ್ಳಿಯಲ್ಲಿ ಇಳಿದು ಓಡಿಹೋಗಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಇಕಿ ಯಾರಲೇ? ಭಾರಿ ಒಗೀತಾಳಲ್ಲ!" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಆ ವಿಡಿಯೋವನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು, ಅದನ್ನು ಬಲೆಯ ಕಂಬಕ್ಕೆ ಕಟ್ಟಿದಳು. ಅವತ್ತಿನಿಂದ ಅವಳಿಗೆ ಅವಳೇ ಗುರು.

ಬೇಗ ಏನೂ ಆಗಲಿಲ್ಲ. ಕೂಡ್ಲಿಗಿಯಲ್ಲಿ ಒಂದು ತಾಲ್ಲೂಕು ಮಟ್ಟದ ಕೂಟಕ್ಕೆ ಅವಳು ಹೆಸರು ಕೊಟ್ಟಳು. ಪದಕ ಗೆದ್ದಾಗ ಅವಳ ಚಿತ್ರದ ಬ್ಯಾನರ್ ಕಟ್ಟಿದ್ದ ಜನರೇ ನೋಡಲು ಬಂದಿದ್ದರು. ಎಲ್ಲರಿಗಿಂತ ಕೊನೆಯವಳಾದಳು. ಕಾಲೇಜಿನ ಪುಟ್ಟ ಪುಟ್ಟ ಹುಡುಗಿಯರು ಅವಳನ್ನು ದಾಟಿ ಎಸೆದರು. ಜನ ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ನನಗಂತೂ ತಲೆ ಎತ್ತಲಾಗಲಿಲ್ಲ. ಅವಳು ಹೋಗಿ ತನ್ನ ಡಿಸ್ಕಸ್ಸನ್ನು ಎತ್ತಿಕೊಂಡು, ಮಣ್ಣು ಒರೆಸುತ್ತಾ ಬಂದು, "ನೋಡಿದ್ಯಾ? ಒಂದೂ ಬಲಿಯೊಳಗ ಬೀಳ್ಲಿಲ್ಲ. ಮೂರಕ್ಕ ಮೂರೂ ಮುಂದಕ್ಕ ಹೋದ್ವು" ಅಂದಳು. ಅವಳ ಮುಖದಲ್ಲಿದ್ದದ್ದು ನಿಜವಾದ ಖುಷಿ. ಅವತ್ತು ನನಗೆ ಅವಳನ್ನು ಕಂಡು ಒಂದು ಥರ ಭಯವೇ ಆಯಿತು. ಸೋಲು ಅವಳ ಮೈಗೆ ಅಂಟುತ್ತಿರಲಿಲ್ಲ.

ವರ್ಷಗಳು ಹೋದವು. ನಾನು ಹಡಗಲಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದೆ, ಮದುವೆಯಾದೆ, ಮಗಳು ಹುಟ್ಟಿದಳು. ಅವಳು ಎಸೆಯುತ್ತಲೇ ಇದ್ದಳು. ಕೊನೆಯವಳಾಗಿದ್ದವಳು ನಡುವಿಗೆ ಬಂದಳು, ನಡುವಿನಿಂದ ಮುಂದಕ್ಕೆ ಬಂದಳು. ಒಂದು ದಿನ ಫೋನು ಬಂತು. "ರಾಜ್ಯದಾಗ ಫಸ್ಟು ಬಂದೆ ನೋಡಲೇ. ನ್ಯಾಷನಲ್ಸಿಗೆ ನೀನೂ ಬರಬೇಕು. ಮೇಷ್ಟ್ರಿಗೆ ಮೊಣಕಾಲು ನೋವು, ರೈಲು ಹತ್ತಾಕ ಆಗಂಗಿಲ್ಲ."

ಉತ್ತರದ ಒಂದು ದೊಡ್ಡ ಊರು. ರೈಲಿನಲ್ಲಿ ಎರಡು ಹಗಲು. ನಾನು ಕಟ್ಟಿಕೊಂಡು ಹೋಗಿದ್ದ ಒಣಗಿಸಿದ ಕಟಕಲು ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಯ ತಳ ಕಂಡಿದ್ದವು. ಸ್ಟೇಡಿಯಂ ಒಳಗೆ ಹೋದೆವು. ಅವಳ ಜೊತೆ ಎಸೆಯಲು ಬಂದವರು ಅವಳಿಗಿಂತ ಎತ್ತರದವರು, ಅವಳಿಗಿಂತ ಚಿಕ್ಕವರು, ಎರಡೂ ತೋಳುಗಳನ್ನು ಆಕಾಶಕ್ಕೆತ್ತಿ ಮೈ ಮುರಿಯುತ್ತಿದ್ದವರು. ಇವಳು ಒಂದೇ ಕೈ ಎತ್ತಿ ಮೈ ಮುರಿಯುತ್ತಿದ್ದಳು.

ಮೊದಲ ಎಸೆತ ಬಲೆಗೆ ಬಡಿಯಿತು. ಎರಡನೆಯದಕ್ಕೆ ಕಾಲು ವೃತ್ತದ ಅಂಚು ಮೆಟ್ಟಿತು, ಕೆಂಪು ಬಾವುಟ. ಮೂರನೆಯದೂ ಕೆಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಮುಂದಿನ ಮೂರು ಎಸೆತ ಮೊದಲ ಎಂಟು ಮಂದಿಗೆ ಮಾತ್ರ. ಅವಳು ಜೋರಾಗಿ ಎಸೆಯಲಿಲ್ಲ. ಪಾತ್ರೆ ತೊಳೆದು ಕವುಚಿ ಇಟ್ಟಷ್ಟು ಹುಷಾರಾಗಿ ಒಂದು ಎಸೆತ ಎಸೆದು, ಆ ಎಂಟರಲ್ಲಿ ಕೊನೆಯ ಜಾಗದಲ್ಲಿ ಉಳಿದುಕೊಂಡಳು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಐದನೆಯದಕ್ಕೆ ವೃತ್ತದೊಳಗೆ ಹೋಗಿ ಕಾಲು ಊರಿದಳು. ಆಮೇಲೆ ತಿರುಗಿದಳು. ನಾನು ಕೂಡ್ಲಿಗಿಯಲ್ಲಿ ಕಂಡದ್ದು, ಹರಿದು ಹೋಯಿತು ಅಂದುಕೊಂಡಿದ್ದದ್ದು, ಇನ್ನೊಂದು ಕಡೆಯಿಂದ ಎದ್ದು ಬಂತು. ಡಿಸ್ಕಸ್ ಕೈ ಬಿಟ್ಟಾಗ ಸದ್ದೇ ಆಗಲಿಲ್ಲ. ಅದು ಗಾಳಿಯ ಮೇಲೆ ಕೂತುಕೊಂಡು, ಕೆಳಗಿಳಿಯುವ ಮನಸ್ಸಿಲ್ಲದ ಹಾಗೆ ಹೋಗುತ್ತಲೇ ಇತ್ತು. ನನ್ನ ಪಕ್ಕ ಯಾರೋ ಪರಭಾಷೆಯ ಹೆಂಗಸು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲ ಗುರುತುಗಳನ್ನೂ ದಾಟಿ ಅದು ಬಿತ್ತು. ಅವಳು ಅತ್ತ ನೋಡಿಯೇ ಇರಲಿಲ್ಲ, ತನ್ನ ಪಾದವನ್ನು ನೋಡಿಕೊಳ್ಳುತ್ತಿದ್ದಳು. ಪಾದ ಒಳಗಿತ್ತು. ಬಿಳಿ ಬಾವುಟ ಏರಿತು. ಆಮೇಲೆ ಯಾರೂ ಅವಳನ್ನು ದಾಟಲಿಲ್ಲ.

ಪದಕ ಹಾಕಿಸಿಕೊಂಡು ಪೀಠದ ಮೇಲೆ ನಿಂತಾಗ ಫೋಟೋದವರು ಎರಡೂ ಕೈ ಎತ್ತಿ ಅಂತ ಸನ್ನೆ ಮಾಡಿದರು. ಅವಳು ಎಡಗೈ ಎತ್ತಿದಳು. ಅವರು ಮತ್ತೆ ಮತ್ತೆ ಕೂಗಿದರು. ಅವಳು ನಗುತ್ತಾ, ಎತ್ತಿದ್ದ ಒಂದನ್ನೇ ಇನ್ನಷ್ಟು ಮೇಲಕ್ಕೆತ್ತಿದಳು. ನಾನು ಅಲ್ಲಿ ಅತ್ತೆ. ಅವರಪ್ಪನಿಗೆ ಫೋನು ಹಚ್ಚಿ ಕೊಟ್ಟರೆ ಅವರು, "ಊಟ ಮಾಡಿದ್ಯೇನವ್ವಾ?" ಅಂತ ಒಂದೇ ಮಾತು ಕೇಳಿದರು. ಆ ಕಡೆಯಿಂದ ಪಾತ್ರೆಗಳ ಸದ್ದು ಮಾತ್ರ ಬರುತ್ತಿತ್ತು.

ಆಮೇಲೆ ಅವಳಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿಯಾಯಿತು. ಇನ್ನೂ ಕೆಲವು ವರ್ಷ ಎಸೆದಳು. ಗೆದ್ದಳು, ಸೋತಳು, ಒಮ್ಮೆ ವಿದೇಶಕ್ಕೂ ಹೋಗಿ ಬಂದಳು. ಅಲ್ಲಿ ಪದಕ ಬರಲಿಲ್ಲ. "ಅಲ್ಲಿಯವ್ರು ಬ್ಯಾರೇನ ಅದಾರಲೇ, ನೋಡಾಕ ಎರಡು ಕಣ್ಣು ಸಾಲಂಗಿಲ್ಲ" ಅಂತ ಸಂಭ್ರಮದಿಂದ ಹೇಳಿದಳು. ಅಷ್ಟು ಎತ್ತರ ಏರಿದವಳಿಗೂ ಇನ್ನೊಬ್ಬರನ್ನು ಕಂಡು ಬೆರಗಾಗುವುದು ಉಳಿದಿತ್ತು.

ಹೋದ ವರ್ಷ ಹರಪನಹಳ್ಳಿಯಲ್ಲಿ ಒಂದು ಮುಕ್ತ ಕ್ರೀಡಾಕೂಟ. ದೊಡ್ಡದೇನೂ ಅಲ್ಲ. ಇದೇ ನನ್ನ ಕೊನೆಯದು ಅಂತ ಅವಳು ನನಗೊಬ್ಬಳಿಗೆ ಹೇಳಿದ್ದಳು. ನನಗೆ ಅಳತೆಯ ಕೆಲಸ ಕೊಟ್ಟಿದ್ದರು, ಡಿಸ್ಕಸ್ ಬೀಳುವ ಕಡೆ ನಿಲ್ಲಬೇಕು. ಇಷ್ಟು ವರ್ಷ ನಾನು ಅವಳ ಎಸೆತವನ್ನು ನೋಡಿದ್ದು ಹಿಂದಿನಿಂದ, ಪಕ್ಕದಿಂದ. ಎದುರಿನಿಂದ ನೋಡಿದ್ದು ಅದೇ ಮೊದಲು. ದೂರದಲ್ಲಿ ಬಲೆಯೊಳಗೆ ಅವಳು ಪುಟ್ಟದಾಗಿ ಕಾಣುತ್ತಿದ್ದಳು. ತಿರುಗಿದ್ದು ಕಂಡಿತು. ಒಂದು ಚುಕ್ಕಿ ಅವಳಿಂದ ಬೇರೆಯಾಗಿ ಬಿಸಿಲಿಗೆ ಏರಿತು, ಏರಿದ್ದು ದೊಡ್ಡದಾಗತೊಡಗಿತು, ಅದರ ಅಂಚಿನ ಉಕ್ಕು ಥಳಥಳಿಸುತ್ತಿತ್ತು. ಹಿಂದೆ ಸರಿಯಬೇಕು ಅಂತ ಗೊತ್ತಿತ್ತು. ಸರಿದೆ, ಸರಿದಷ್ಟೂ ಅದು ಬರುತ್ತಲೇ ಇತ್ತು. ಸಣ್ಣಗೆ ಗುಂಯ್ ಅನ್ನುವ ಸದ್ದು ಕಿವಿಗೆ ತಾಗಿತು, ಅದು ಎದುರು ನಿಂತವರಿಗೆ ಮಾತ್ರ ಕೇಳುವಂಥದ್ದು. ನನ್ನ ಮುಂದೆಯೇ ನೆಲ ಅದುರಿತು. ಮಣ್ಣು ಸಿಡಿದು ನನ್ನ ಪ್ಯಾಂಟಿನ ಮೇಲೆ ಬಿತ್ತು.

ಗುರುತಿನ ಕಡ್ಡಿ ನನ್ನ ಕೈಯಲ್ಲೇ ಇತ್ತು, ಊರುವುದು ಮರೆತಿದ್ದೆ.

"ಎಲ್ಲಿ ಬಿತ್ತಲೇ?" ಅಂತ ಅವಳು ಅಲ್ಲಿಂದ ಕೂಗಿದಳು.

"ಇಲ್ಲೇ, ಇಲ್ಲೇ ನನ್ನ ಹತ್ರ" ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ನಾನು ಕೂತು, ಆ ಬಿಸಿ ಮಣ್ಣಿನಲ್ಲಿ ಕಡ್ಡಿ ಊರಿದೆ.